ಆರತಕ್ಷತೆಯ ಮೂಲೆಯಲ್ಲಿ ಪಿಟೀಲು

ಮುಹೂರ್ತದ ಹೊತ್ತು ಓಲಗದವರದು. ಪುರೋಹಿತರು ಕೈಯೆತ್ತಿ ಸನ್ನೆ ಮಾಡಿದರೆ ಸಾಕು, ನಾಗಸ್ವರ, ಡೋಲು ಒಮ್ಮೆಲೇ ಮೊಳಗಿ ಗಟ್ಟಿಮೇಳವಾಗುತ್ತದೆ. ತಾಳಿ ಕಟ್ಟುವ ಆ ಕ್ಷಣದಲ್ಲಿ ಯಾರದೋ ಸೀನು, ಇನ್ನಾರದೋ ಅಳು, ಅಪಶಕುನದ ಒಂದು ಮಾತು ವಧೂವರರ ಕಿವಿಗೆ ಬೀಳಬಾರದೆಂಬುದು ಹಿರಿಯರ ಲೆಕ್ಕಾಚಾರ. ಆ ಕೆಲಸವನ್ನು ನಾಗಸ್ವರದಷ್ಟು ಚೆನ್ನಾಗಿ ಮಾಡುವ ವಾದ್ಯ ಇನ್ನೊಂದಿಲ್ಲ. ಬಯಲಿನಲ್ಲಿ, ದೇವರ ಉತ್ಸವದ ಮುಂದೆ ನುಡಿಸುತ್ತ ಬೆಳೆದುಬಂದ ವಾದ್ಯ ಅದು. ಅದಕ್ಕೆ ಮೈಕೂ ಬೇಡ, ಕೇಳುವವರ ಮೌನವೂ ಬೇಡ.

ಆರತಕ್ಷತೆಯ ಹೊತ್ತು ಹಾಗಲ್ಲ. ಹಿಂದಿನ ದಿನ ಸಂಜೆಯೋ, ಮದುವೆಯ ದಿನವೇ ಸಂಜೆಯೋ ಕಲ್ಯಾಣ ಮಂಟಪದ ದೀಪಗಳೆಲ್ಲ ಹೊತ್ತಿಕೊಂಡು, ಉಡುಗೊರೆ ಹಿಡಿದವರ ಸಾಲು ವೇದಿಕೆಯಿಂದ ಊಟದ ಮನೆಯ ಮೆಟ್ಟಿಲವರೆಗೂ ಬೆಳೆದಿರುವಾಗ, ಹೂವಿನ ಕಮಾನಿನ ಪಕ್ಕದಲ್ಲೆಲ್ಲೋ ಜಮಖಾನ ಹಾಸಿ ಕೂರಿಸಿದ ಮೂರು ನಾಲ್ಕು ಜನ ಕಾಣುತ್ತಾರೆ. ಒಂದು ವೀಣೆ, ಒಂದೋ ಎರಡೋ ಪಿಟೀಲು, ಒಂದು ಮೃದಂಗ. ಹತ್ತಿರ ಹೋಗಿ ನೋಡಿದರೆ ಅವರಲ್ಲಿ ಒಬ್ಬಿಬ್ಬರಿಗೆ ಇನ್ನೂ ಇಪ್ಪತ್ತು ತುಂಬಿರುವುದಿಲ್ಲ. ಬೆಳಿಗ್ಗೆ ಕಾಲೇಜು, ಸಂಜೆ ಮೇಷ್ಟರ ಮನೆಯಲ್ಲಿ ಪಾಠ, ಲಗ್ನದ ತಿಂಗಳು ಬಂತೆಂದರೆ ರಾತ್ರಿ ಆರತಕ್ಷತೆ.

ಇಲ್ಲಿ ಎರಡು ಮನೆಗಳ ಚಿಂತೆ ಒಂದೇ ಜಮಖಾನದ ಮೇಲೆ ಕೂತಿರುತ್ತದೆ. ಒಂದು, ಮಗಳ ಮದುವೆಗೆ ‘ಒಳ್ಳೆಯ ಸಂಗೀತ ಇರಲಿ’ ಎಂದು ಇವರನ್ನು ಗೊತ್ತು ಮಾಡಿದ ಮನೆ. ಇನ್ನೊಂದು, ಏಳೆಂಟು ವರ್ಷ ಪಾಠ ಹೇಳಿಸಿ, ವಾದ್ಯ ಕೊಡಿಸಿ, ಈಗ ಮಗನನ್ನೋ ಮಗಳನ್ನೋ ಇಂಥ ಕಡೆ ಕಳಿಸಬೇಕೆ ಬೇಡವೆ ಎಂದು ತೂಗುತ್ತಿರುವ ಮನೆ. ಸಂಭಾವನೆ ಎಷ್ಟು ಕೊಡಬೇಕು, ಎಷ್ಟು ಕೇಳಬೇಕು ಎಂಬುದು ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ.

ಬೀದಿಯ ವಾದ್ಯ, ಮನೆಯ ವಾದ್ಯ

ನಾಗಸ್ವರ ಗುಡಿಯದು, ಬೀದಿಯದು. ವೀಣೆ ಮನೆಯದು, ಅರಮನೆಯದು. ಪಿಟೀಲು ಇವೆರಡಕ್ಕೂ ಸೇರದ, ಹಡಗಿನಲ್ಲಿ ಬಂದ ಅತಿಥಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786-1858) ಮದರಾಸಿನಲ್ಲಿ ಐರೋಪ್ಯರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲಿಗರು. ತಂಜಾವೂರಿನ ವಡಿವೇಲು ಅವರ ವಾದನಕ್ಕೆ ಮೆಚ್ಚಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನು ಕೊಟ್ಟರು. ವಾದ್ಯ ಅದೇ, ಹಿಡಿಯುವ ರೀತಿ ಬೇರೆ. ನಿಂತು ನುಡಿಸುವುದನ್ನು ನಮ್ಮವರು ಚಕ್ಕಳಮಕ್ಕಳ ಹಾಕಿ ಕೂತು, ವಾದ್ಯದ ತುದಿಯನ್ನು ಪಾದದ ಮೇಲೆ ಊರಿ ನುಡಿಸತೊಡಗಿದರು. ತಂತಿಗಳ ಶ್ರುತಿಯನ್ನೂ ಸ-ಪ-ಸ-ಪ ಎಂದು ಬದಲಿಸಿಕೊಂಡರು.

ನಾಲ್ಕೈದು ದಿನಗಳ ಮದುವೆ ನಡೆಯುತ್ತಿದ್ದ ಕಾಲದಲ್ಲಿ ಅನುಕೂಲಸ್ಥರ ಮನೆಗಳಲ್ಲಿ ಒಂದು ಸಂಜೆ ಬೀಗರ ಸಲುವಾಗಿ ಕಚೇರಿಗೇ ಮೀಸಲು. ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು, ಚಪ್ಪರದಡಿ ಕೂತು ಕೇಳುವ ಸಂಗೀತ ಅದು. ಮದುವೆ ಒಂದೂವರೆ ದಿನಕ್ಕೆ ಇಳಿದ ಮೇಲೆ ಆ ಸಂಜೆಗೆ ಜಾಗವಿಲ್ಲ. ಕಚೇರಿ ಹೋಗಿ ಆರತಕ್ಷತೆಯೊಳಗೆ ಸೇರಿಕೊಂಡಿತು. ಕೂತು ಕೇಳುವವರು ಎದ್ದು ಸಾಲಿನಲ್ಲಿ ನಿಂತರು. ಬದಲಾದದ್ದು ಸಂಗೀತಕ್ಕಿಂತ ಹೆಚ್ಚಾಗಿ ಕೇಳುಗರ ಭಂಗಿ.

ಉತ್ತರ ಕರ್ನಾಟಕದಲ್ಲಿ ಈ ಜಾಗ ಸನಾದಿಯದು. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರ್ ಊದಿದಂತೆ ಕಾಣುವ ಶಹನಾಯಿ ಉಸ್ತಾದ್ ಬಿಸ್ಮಿಲ್ಲಾ ಖಾನರದು. ರಹಿಮತ್ ಖಾನರ ಮನೆತನದಿಂದ ಸಿತಾರಿಗೆ ಹೆಸರಾದ ಧಾರವಾಡದ ಕಡೆ ಆರತಕ್ಷತೆಗೆ ಸಿತಾರ್-ತಬಲಾ ಜೋಡಿಯನ್ನು ಕರೆಸುವವರೂ ಇದ್ದಾರೆ. ಇನ್ನು ಮಂಗಳೂರು, ಬೆಂಗಳೂರುಗಳ ಕ್ರೈಸ್ತ ಮದುವೆಗಳಲ್ಲಿ ಪಿಟೀಲು ತನ್ನ ಹುಟ್ಟೂರಿನ ವೇಷದಲ್ಲೇ ಇರುತ್ತದೆ. ವಧು ಒಳಗೆ ಬರುವಾಗ ನುಡಿಸುವ ಮೆರವಣಿಗೆಯ ರಾಗ ವ್ಯಾಗ್ನರ್‌ನ ‘ಲೋಹೆಂಗ್ರಿನ್’ ಗೀತನಾಟಕದ್ದು, ದಂಪತಿ ಹೊರಡುವಾಗಿನದು ಮೆಂಡೆಲ್ಸನ್ 1842ರಲ್ಲಿ ಷೇಕ್ಸ್‌ಪಿಯರ್ ನಾಟಕವೊಂದಕ್ಕೆ ರಚಿಸಿದ್ದು. ಎರಡೂ ರಂಗಭೂಮಿಗೆಂದು ಹುಟ್ಟಿ ಮದುವೆಗೆ ಬಂದವು.

ಹಿಂದಿನ ಸಾಲಿಗೆ ಕೇಳಿಸುವುದೆಂತು?

ಆರತಕ್ಷತೆಯ ತಂತಿವಾದ್ಯಕ್ಕೆ ಇರುವ ಮೊದಲ ದೂರು ‘ಕೇಳಿಸಲೇ ಇಲ್ಲ’ ಎಂಬುದು. ಎರಡನೆಯದು ‘ಕಿವಿ ಕಿತ್ತುಹೋಯಿತು’ ಎಂಬುದು. ಎರಡೂ ದೂರುಗಳು ಒಂದೇ ಸಂಜೆ, ಒಂದೇ ಮಂಟಪದಲ್ಲಿ ಬರುವುದುಂಟು. ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪಾಠ.

ವೀಣೆಯ ತಂತಿಗೆ ಬೆರಳು ಶಕ್ತಿ ಕೊಡುವುದು ಒಂದೇ ಸಲ, ಮೀಟಿದಾಗ. ಆ ಕ್ಷಣದಿಂದಲೇ ನಾದ ಕ್ಷೀಣಿಸತೊಡಗುತ್ತದೆ. ಅದರ ಸೊಗಸಿರುವುದು ಹಾಗೆ ಕರಗುತ್ತಿರುವ ನಾದದ ಮೇಲೆ ತಂತಿಯನ್ನೆಳೆದು ಮೂಡಿಸುವ ಗಮಕದಲ್ಲಿ. ಗದ್ದಲದ ಮಂಟಪದಲ್ಲಿ ಮೊದಲು ಮುಳುಗಿಹೋಗುವುದೂ ಆ ಗಮಕವೇ. ಉಳಿಯುವುದು ಬರೀ ಮೀಟಿನ ಟಿಂಗ್ ಟಿಂಗ್. ಪಿಟೀಲಿನ ಕಮಾನು ಎಳೆಯುವಷ್ಟು ಹೊತ್ತೂ ತಂತಿಗೆ ಶಕ್ತಿ ಕೊಡುತ್ತಲೇ ಇರುವುದರಿಂದ ನಾದ ಕುಗ್ಗುವುದಿಲ್ಲ. ಆರತಕ್ಷತೆಗಳಲ್ಲಿ ವೀಣೆಗಿಂತ ಪಿಟೀಲು ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹಾಗಾದರೆ ಎರಡು ಪಿಟೀಲು ಕೂರಿಸಿದರೆ ಎರಡರಷ್ಟು ಸದ್ದಾಗುತ್ತದೆಯೆ? ಇಲ್ಲ. ಒಂದೇ ಬಲದ ಎರಡು ವಾದ್ಯಗಳು ಸೇರಿದರೆ ಸದ್ದಿನ ಮಟ್ಟ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಕಿವಿಗೆ ‘ಎರಡರಷ್ಟು’ ಎನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಿಟೀಲು ಬೇಕು. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಪಿಟೀಲಿನವರ ಸಾಲುಗಳೇ ಇರುವುದರ ಗುಟ್ಟುಗಳಲ್ಲಿ ಇದೂ ಒಂದು. ಬೀಗರ ಮೇಲಿನ ಪ್ರೀತಿಗೆ ಹತ್ತು ಪಿಟೀಲು ಗೊತ್ತು ಮಾಡುವವರು ಯಾರೂ ಸಿಕ್ಕಲಾರರು.

ಇದೇ ಕಷ್ಟಕ್ಕೆ ಮೈಸೂರು ಸೀಮೆಯವರೊಬ್ಬರು ತಮ್ಮದೇ ಪರಿಹಾರ ಕಂಡುಕೊಂಡಿದ್ದರು. ತಿರುಮಕೂಡಲಿನ ಟಿ. ಚೌಡಯ್ಯ (1895-1967), ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕಿಲ್ಲದ ಕಾಲದಲ್ಲಿ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುವಾಗ ಪಿಟೀಲಿನ ನಾದ ಹಿಂದಿನ ಸಾಲಿನವರಿಗೆ ತಲುಪದೆಂದು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರನ್ನು ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದರು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಸಭಾಂಗಣ ಅವರ ಹೆಸರಿನಲ್ಲಿದೆ. ಮೈಕು ಬಂದ ಮೇಲೆ ಏಳು ತಂತಿಯ ಅಗತ್ಯ ಹೆಚ್ಚು ಮಂದಿಗೆ ಕಾಣಲಿಲ್ಲ.

ಮೈಕಿನಿಂದಲಾದರೂ ಎಲ್ಲ ಸರಿಹೋಯಿತೆ ಎಂದರೆ ಅದೂ ಇಲ್ಲ. ಸುತ್ತ ಸದ್ದು ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆಯೇ ದನಿಯೇರಿಸಿ ಮಾತಾಡುತ್ತಾನೆ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ ಇದನ್ನು 1911ರಲ್ಲೇ ವಿವರಿಸಿದ್ದಾನೆ. ಆರತಕ್ಷತೆಯಲ್ಲಿ ನಡೆಯುವುದು ಇದೇ. ಪಿಟೀಲು ಕೇಳುತ್ತಿಲ್ಲವೆಂದು ಮೈಕಿನವನು ಗುಂಡಿ ತಿರುಗಿಸುತ್ತಾನೆ. ಮೊದಲ ಸಾಲಿನ ಸೋದರತ್ತೆ ಪಕ್ಕದವರ ಕಿವಿಗೆ ಬಾಗಿ ಇನ್ನೂ ಗಟ್ಟಿಯಾಗಿ ಮಾತಾಡುತ್ತಾರೆ. ಮೈಕಿನವನು ಮತ್ತೆ ತಿರುಗಿಸುತ್ತಾನೆ. ಎಂಟೂವರೆ ಹೊತ್ತಿಗೆ ಕಲ್ಯಾಣಿಗೂ ಕಾಂಬೋಧಿಗೂ ವ್ಯತ್ಯಾಸ ಉಳಿದಿರುವುದಿಲ್ಲ.

ಇದಕ್ಕೆ ಉಪಾಯವಿದೆ, ಹೆಚ್ಚು ದುಡ್ಡಿನದೂ ಅಲ್ಲ. ವೇದಿಕೆಯ ಎರಡು ಬದಿಗೆ ಎರಡು ದೊಡ್ಡ ಪೆಟ್ಟಿಗೆ ನಿಲ್ಲಿಸಿ ಅಬ್ಬರಿಸುವ ಬದಲು, ಮಂಟಪದುದ್ದಕ್ಕೂ ನಾಲ್ಕಾರು ಸಣ್ಣ ಪೆಟ್ಟಿಗೆಗಳನ್ನಿಟ್ಟು ತಗ್ಗಿನ ದನಿಯಲ್ಲಿ ಕೇಳಿಸುವುದು. ನುಡಿಸುವವರ ಎದುರಿಗೂ ಒಂದನ್ನಿಡುವುದು. ತಮ್ಮ ನಾದ ತಮಗೇ ಕೇಳದೆ ಶ್ರುತಿ ಹಿಡಿಯಲು ಪಾಡುಪಡುವ ಕಲಾವಿದರನ್ನು ಯಾವ ಮಂಟಪದಲ್ಲಿಯಾದರೂ ನೋಡಬಹುದು. ಪೆಟ್ಟಿಗೆಯ ನೇರಕ್ಕೆ ಮೈಕು ಹಿಡಿದು ‘ಕುಯ್ಯ್’ ಎನ್ನಿಸುವುದಂತೂ ತೀರಾ ಸಾಮಾನ್ಯ.

ಲಗ್ನದ ಕಾಲ, ಪರೀಕ್ಷೆಯ ಕಾಲ

ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿಲ್ಲ, ಧನುರ್ಮಾಸದಲ್ಲಿಲ್ಲ. ಉಳಿದ ತಿಂಗಳುಗಳಲ್ಲೂ ಒಳ್ಳೆಯ ಮುಹೂರ್ತಗಳು ಗುಂಪಾಗಿ ಬಂದು ಒಂದೇ ಸಂಜೆಗೆ ನಾಲ್ಕು ಕಡೆಯಿಂದ ಕರೆ ಬರುವುದುಂಟು. ಮಾಘ, ಫಾಲ್ಗುಣ ಮುಗಿದು ವೈಶಾಖ ಹಿಡಿಯುವಷ್ಟರಲ್ಲಿ ಪಿಯುಸಿ, ಎಸ್ಸೆಸ್ಸೆಲ್ಸಿ, ಸಿಇಟಿಗಳೂ ಸಾಲಾಗಿ ಬರುತ್ತವೆ. ಪಂಚಾಂಗ ಬರೆದವರಿಗೂ ವೇಳಾಪಟ್ಟಿ ಬರೆದವರಿಗೂ ಪರಿಚಯವಿದ್ದಂತಿಲ್ಲ. ಮನೆಯಲ್ಲಿ ಮಾತು ಹತ್ತುವುದು ಇಲ್ಲೇ. ಅಪ್ಪನಿಗೆ ಅಂಕದ ಚಿಂತೆ, ಅಮ್ಮನಿಗೆ ರಾತ್ರಿ ಹೊತ್ತಾಗುವ ಚಿಂತೆ, ಹುಡುಗಿಗೆ ‘ಬರುವುದಿಲ್ಲ ಎಂದರೆ ಮುಂದಿನ ಸಲ ಕರೆಯುವುದಿಲ್ಲ’ ಎಂಬ ಚಿಂತೆ.

ಮೇಷ್ಟರ ಚಿಂತೆ ಇವೆಲ್ಲಕ್ಕಿಂತ ಬೇರೆ. ಮದುವೆಯಲ್ಲಿ ನುಡಿಸುವುದು ಹೀನವೆಂಬ ಹಳೆಯ ಅಭಿಪ್ರಾಯವನ್ನು ಬದಿಗಿಡಬಹುದು. ಅದನ್ನು ಹೇಳುವವರು ಓಲಗದವರ ಮುಂದೆ ನಿಂತು ಹೇಳಿ ನೋಡಲಿ. ಸಂಗೀತದ ಮಟ್ಟಿಗೆ ಮೇಷ್ಟರು ಹೇಳುವುದರಲ್ಲಿ ನಿಜವಿದೆ. ಗದ್ದಲದಲ್ಲಿ ಕೇಳಿಸಬೇಕೆಂದು ವಿದ್ಯಾರ್ಥಿ ಕಮಾನನ್ನು ಒತ್ತಿ ಎಳೆಯತೊಡಗುತ್ತಾನೆ. ನಾದ ಒರಟಾಗುತ್ತದೆ, ಬೆರಳು ಸ್ವರಸ್ಥಾನದ ಅಂಚಿಗೆ ಸರಿಯುತ್ತದೆ. ವೀಣೆಗೆ ಮೆಟ್ಟಿಲುಗಳಾದರೂ ಇವೆ, ಇಪ್ಪತ್ತನಾಲ್ಕು. ಪಿಟೀಲಿನ ಬೆರಳುಹಲಗೆ ಬರೀ ನುಣುಪು, ಅಲ್ಲಿ ಕಿವಿಯೇ ದಾರಿ. ಕಿವಿಗೆ ಕೇಳದ ಕಡೆ ವಾರಕ್ಕೆ ಮೂರು ಸಂಜೆ ನುಡಿಸಿದರೆ ಕೈಗೆ ಕೆಟ್ಟ ಚಾಳಿ ಅಂಟುತ್ತದೆ, ಅದನ್ನು ಬಿಡಿಸಲು ಮೇಷ್ಟರು ಆರು ತಿಂಗಳು ಬೆವರು ಹರಿಸಬೇಕು. ಕೃತಿಯ ಪಲ್ಲವಿ, ಅನುಪಲ್ಲವಿ ಮುಗಿಸಿ ಚರಣ ಬಿಟ್ಟು ಮುಂದಿನದಕ್ಕೆ ಹಾರುವುದು ಇನ್ನೊಂದು ಚಾಳಿ.

ಆದರೆ ಪಾಠದ ಕೋಣೆಯಲ್ಲಿ ಸಿಕ್ಕದ ಕೆಲವು ಪಾಠಗಳೂ ಇಲ್ಲಿ ಸಿಕ್ಕುತ್ತವೆ. ಎಂದೂ ನೋಡದ ಮೃದಂಗದವರ ಜೊತೆ ಎರಡು ನಿಮಿಷದಲ್ಲಿ ಹೊಂದಿಕೊಳ್ಳುವುದು. ತಂತಿ ಕಡಿದರೆ ಉಳಿದವರು ನುಡಿಸುತ್ತಿರುವಂತೆಯೇ ಹೊಸದು ಹಾಕಿ, ಶ್ರುತಿ ಮಾಡಿ, ಹಾಡಿನ ನಡುವೆ ಮತ್ತೆ ಸೇರಿಕೊಳ್ಳುವುದು. ವಿದ್ವತ್ ಪರೀಕ್ಷೆಯಲ್ಲಿ ಎದುರಿಗಿರುವ ಪರೀಕ್ಷಕರು ಗಂಭೀರವಾಗಿ ಕೂತು ಕೇಳುತ್ತಾರೆ. ಇಲ್ಲಿ ಯಾರೂ ಕೇಳದಿದ್ದರೂ ಎರಡು ಗಂಟೆ ಮನಸ್ಸು ಚದುರದಂತೆ ನುಡಿಸಬೇಕು. ಯಾವುದು ಕಷ್ಟ ಎಂದು ಎರಡನ್ನೂ ಮಾಡಿದವರನ್ನೇ ಕೇಳಬೇಕು.

ದುಡ್ಡಿನ ಮಾತನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ. ಸಭೆಗಳಲ್ಲಿ ಎಳೆಯ ಕಲಾವಿದರಿಗೆ ಸಿಕ್ಕುವುದು ಬಹಳ ಸಲ ಶಾಲು, ಹಾರ ಮತ್ತು ಆಶೀರ್ವಾದ. ಆರತಕ್ಷತೆಯಲ್ಲಿ ಸಂಭಾವನೆ ಸಿಕ್ಕುತ್ತದೆ. ಒಂದು ಲಗ್ನದ ಕಾಲದ ಗಳಿಕೆಯಲ್ಲಿ ಕಾಲೇಜಿನ ಶುಲ್ಕಕ್ಕೆ ನೆರವಾದವರು, ಬಾಡಿಗೆಯ ಪಿಟೀಲು ಹಿಂದಿರುಗಿಸಿ ಸ್ವಂತದ್ದು ಕೊಂಡವರು ಇದ್ದಾರೆ. ಈ ಆದಾಯ ಎಷ್ಟು ನಾಜೂಕಿನದು ಎಂಬುದು 2020ರಲ್ಲಿ ಗೊತ್ತಾಯಿತು. ಕೊರೊನಾ ಕಾಲದ ಮಾರ್ಗಸೂಚಿ ಮದುವೆಗೆ 50 ಜನರ ಮಿತಿ ಹಾಕಿದಾಗ ಪುರೋಹಿತರು, ಅಡಿಗೆಯವರನ್ನು ಬಿಡುವಂತಿರಲಿಲ್ಲ. ಪಟ್ಟಿಯಿಂದ ಮೊದಲು ಹೊಡೆದುಹಾಕಿದ ಹೆಸರುಗಳಲ್ಲಿ ವಾದ್ಯದವರವೂ ಇದ್ದವು.

ಹದಿನಾಲ್ಕು ತುಂಬದ ಮಕ್ಕಳನ್ನು ಕೂರಿಸುವ ತಂದೆತಾಯಿಗಳು ಒಂದು ಸಂಗತಿ ತಿಳಿದಿದ್ದರೆ ಒಳ್ಳೆಯದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ, 2017ರ ನಿಯಮಗಳು ಸಿನಿಮಾ, ಕಿರುತೆರೆ ಮೊದಲಾದೆಡೆಯ ಬಾಲಕಲಾವಿದರಿಗೆ ಮಿತಿ ಹಾಕಿವೆ. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಗಳಿಕೆಯಲ್ಲಿ ಶೇಕಡ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಿಡಬೇಕು. ಆರತಕ್ಷತೆಗೆ ಮಕ್ಕಳನ್ನು ಕಳಿಸುವವರು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಮಗುವಿಗೆ ನಷ್ಟವಿಲ್ಲ.

ಗೊತ್ತು ಮಾಡುವವರಿಗೆ

ಮುಹೂರ್ತ ಗೊತ್ತಾಗಿ ಛತ್ರ ಹಿಡಿದ ಕೂಡಲೇ ವಾದ್ಯದವರಿಗೂ ಹೇಳಿಬಿಡಬೇಕು. ಹಿಂದೆ ವೀಳ್ಯ ಕೊಟ್ಟು ಬಾಯಿಮಾತಿನಲ್ಲಿ ಮುಗಿಯುತ್ತಿದ್ದ ಈ ವ್ಯವಹಾರವನ್ನು ಈಗ ಒಂದು ಹಾಳೆಯ ಮೇಲೆ ಬರೆದಿಡುವುದು ಇಬ್ಬರಿಗೂ ಕ್ಷೇಮ. ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ನುಡಿಸುತ್ತಾರೆ, ಮುಂಗಡ ಎಷ್ಟು, ಮೈಕಿನ ಖರ್ಚು ಯಾರದು, ಮದುವೆ ಮುಂದಕ್ಕೆ ಹೋದರೆ ಮುಂಗಡದ ಗತಿಯೇನು. ಮಧ್ಯವರ್ತಿಗಳ ಮೂಲಕ ಗೊತ್ತು ಮಾಡಿದರೆ ಕಲಾವಿದರ ಕೈಗೆ ತಲುಪುವುದೆಷ್ಟು ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಬಂದವರು ಅವರೇನಾ, ಅವರ ಹೆಸರಿನಲ್ಲಿ ಬೇರೆಯವರಾ ಎಂಬುದನ್ನೂ ನೋಡಿಕೊಳ್ಳಬೇಕಾದ ಕಾಲ ಇದು.

ಜಾಗದ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. ಕರ್ನಾಟಕ ಸಂಗೀತದವರಿಗೆ ಕಾಲು ಮಡಿಸಿ ಕೂರಲು ಎತ್ತರದ ಕಟ್ಟೆ ಬೇಕು. ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಇರುವ ಪಾಶ್ಚಾತ್ಯ ಚತುಷ್ಕಕ್ಕಾದರೆ ಕೈಯಿಲ್ಲದ ನಾಲ್ಕು ಕುರ್ಚಿ ಬೇಕು, ಕಮಾನು ಆಡಬೇಕಲ್ಲ. ಸ್ವರಲಿಪಿಯ ಹಾಳೆ ಕಾಣುವಷ್ಟು ಬೆಳಕೂ ಬೇಕು. ವೀಣೆಯ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ವಿಡಿಯೊದವರ ದೀಪದ ಕೆಳಗೆ ಅದನ್ನಿಟ್ಟರೆ, ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಮೇಣ ಮೆತ್ತಗಾಗಿ ಸ್ವರಸ್ಥಾನ ಕದಲುತ್ತದೆ. ಹವಾನಿಯಂತ್ರಣದ ಗಾಳಿ ನೇರ ಬಡಿಯುವ ಕಡೆ ಪಿಟೀಲಿನ ಬಿರಡೆ ಜಾರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಊಟದ ಮನೆಯ ಬಾಗಿಲಿನ ಎದುರಂತೂ ಬೇಡವೇ ಬೇಡ.

ಏನು ನುಡಿಸಬೇಕೆಂಬುದನ್ನು ಹಿಂದಿನ ವಾರವೇ ಕೂತು ಮಾತಾಡಿಕೊಳ್ಳುವುದು ಮೇಲು. ಹಂಸಧ್ವನಿಯ ಗಣಪತಿ ಕೃತಿಯಿಂದ ಆರಂಭಿಸಿ ಮಧ್ಯಮಾವತಿಯಲ್ಲಿ ಮುಗಿಸುವುದು ರೂಢಿ. ನಡುವೆ ದಾಸರ ಪದಗಳು, ತ್ಯಾಗರಾಜರು ಕುರಂಜಿಯಲ್ಲಿ ರಚಿಸಿದ ಸೀತಾ ಕಲ್ಯಾಣದ ಕೀರ್ತನೆ ಬಂದೇ ಬರುತ್ತವೆ. ಮುಖಾರಿ, ಆಹಿರಿಗಳನ್ನು ಶುಭಕಾರ್ಯದಲ್ಲಿ ಬಿಡುತ್ತಾರೆ. ಪಾಪದ ರಾಗಗಳು ಏನು ತಪ್ಪು ಮಾಡಿವೆಯೋ, ಬೀಗರ ಮುಂದೆ ಆ ವಾದ ಬೇಡ. ಸಿನಿಮಾ ಹಾಡು ಬೇಕೆನ್ನುವುದರಲ್ಲೂ ತಪ್ಪಿಲ್ಲ. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಎಷ್ಟೋ ಹಾಡುಗಳು ಪಿಟೀಲಿಗೆ ಹೇಳಿ ಮಾಡಿಸಿದಂತಿವೆ. ಆದರೆ ಮೊದಲೇ ಹೇಳಬೇಕು. ನುಡಿಸುತ್ತಿರುವಾಗ ಚೀಟಿ ಕಳಿಸಿ ನಿನ್ನೆ ಬಂದ ಹಾಡು ಕೇಳಿದರೆ ಕಲಾವಿದರು ನಕ್ಕು ತಲೆಯಾಡಿಸಬಹುದು, ಅಷ್ಟೆ.

ಹಾಡುಗಳಿಗೆ ಹಕ್ಕುಸ್ವಾಮ್ಯದ ಹಣ ಕಟ್ಟಬೇಕೆ ಎಂದು ಛತ್ರದವರು ಹೆದರಿಸುವುದುಂಟು. 1957ರ ಹಕ್ಕುಸ್ವಾಮ್ಯ ಕಾಯ್ದೆ ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿತು. ಗಡಿಯಾರದ ವಿಷಯದಲ್ಲಿ ಮಾತ್ರ ಎಚ್ಚರವಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ.

ಇನ್ನು ಊಟ. ವಾದ್ಯದವರು ವಾದ್ಯ ಕಟ್ಟಿಟ್ಟು ಊಟದ ಮನೆಗೆ ಹೋಗುವ ಹೊತ್ತಿಗೆ ಹೋಳಿಗೆ ಮುಗಿದು, ಬಡಿಸುವವರೇ ಎಲೆ ಹಾಕಿಕೊಂಡಿರುವುದು ಎಲ್ಲ ಊರಿನ ಕಥೆ. ನುಡಿಸುವ ಮೊದಲೇ ಒಂದು ಪಂಕ್ತಿಯಲ್ಲಿ ಅವರಿಗೆ ಜಾಗ ಮಾಡಿಸಿ, ಜೊತೆಗೆ ಮನೆಯವರೊಬ್ಬರನ್ನು ಕೂರಿಸಿದರೆ ಖರ್ಚೇನೂ ಹೆಚ್ಚುವುದಿಲ್ಲ. ತಾಂಬೂಲ, ತೆಂಗಿನಕಾಯಿಯ ಜೊತೆಗೆ ಉಳಿದ ಸಂಭಾವನೆಯನ್ನು ಅಂದೇ, ಮನೆಯ ಯಜಮಾನರೇ ಕೊಡಬೇಕು. ‘ನಾಳೆ ಬನ್ನಿ’ ಎಂದರೆ ಆ ನಾಳೆಗೆ ಮೂರು ಸಲ ಬಸ್ಸು ಹತ್ತಬೇಕಾಗುತ್ತದೆ.

ವೀಣೆಯ ಪೆಟ್ಟಿಗೆ ಆಟೋದಲ್ಲಿ ಹಿಡಿಯುವುದೇ ಕಷ್ಟ, ಹಿಡಿದರೂ ಅರ್ಧ ಹೊರಗೆ. ಹತ್ತೂವರೆಗೆ ಊರಾಚೆಯ ಛತ್ರದ ಮುಂದೆ ವಾದ್ಯ ಹೊತ್ತು ನಿಂತ ವಿದ್ಯಾರ್ಥಿನಿಯರಿಗೆ ಅದೂ ಸಿಕ್ಕುವುದಿಲ್ಲ. ಮಗಳನ್ನು ಕಳಿಸಿದ ಮನೆಯಲ್ಲಿ ಆ ಹೊತ್ತಿಗೆ ದೀಪ ಆರಿರುವುದಿಲ್ಲ. ಆದ್ದರಿಂದ ಆ ಹಾಳೆಯಲ್ಲಿ ಸಂಭಾವನೆಯ ಅಂಕಿಯ ಕೆಳಗೆ ಇನ್ನೊಂದು ಸಾಲು ಬರೆಸಿಕೊಳ್ಳುವ ತಂದೆತಾಯಿಗಳು ಈಚೆಗೆ ಕಾಣುತ್ತಿದ್ದಾರೆ: ಕಾರ್ಯಕ್ರಮ ಮುಗಿದ ಅರ್ಧ ಗಂಟೆಯೊಳಗೆ, ಮದುವೆ ಮನೆಯವರ ವಾಹನದಲ್ಲಿ, ವಾದ್ಯಸಹಿತ ಮನೆ ಬಾಗಿಲಿಗೆ.